ದೇವರ ಮನೆಗೆ ಸರ್ಕಾರದ ಮೊಹರು

1960ರಲ್ಲಿ ಸೋವಿಯತ್ ಒಕ್ಕೂಟದ ಬ್ಯಾಪ್ಟಿಸ್ಟ್ ಸಭೆಗಳ ಹಿರಿಯರಿಗೆ ಮಾಸ್ಕೋದಿಂದ ಒಂದು ಸೂಚನಾಪತ್ರ ಬಂತು. ಮಕ್ಕಳನ್ನು ಪ್ರಾರ್ಥನೆಗೆ ಕರೆತರಗೊಡಬೇಡಿ. 30 ವರ್ಷ ತುಂಬದವರಿಗೆ ದೀಕ್ಷಾಸ್ನಾನ ಆದಷ್ಟೂ ಕಡಿಮೆ ಮಾಡಿ. ಹೊಸಬರನ್ನು ಸೆಳೆಯುವ ಉತ್ಸಾಹಕ್ಕೆ ಕಡಿವಾಣ ಹಾಕಿ ಎಂಬುದು ಅದರ ಸಾರ. ದೇವರಿಲ್ಲವೆನ್ನುವ ಸರ್ಕಾರ ಇಂಥ ಪತ್ರ ಬರೆದಿದ್ದರೆ ಯಾರಿಗೂ ಅಚ್ಚರಿಯಾಗುತ್ತಿರಲಿಲ್ಲ. ಆದರೆ ಅದನ್ನು ಕಳಿಸಿದ್ದು ಬ್ಯಾಪ್ಟಿಸ್ಟರದೇ ಕೇಂದ್ರ ಮಂಡಳಿ!

ಈ ಪತ್ರ ಎಬ್ಬಿಸಿದ ಬಿರುಗಾಳಿ ಅರ್ಥವಾಗಬೇಕಾದರೆ ಬ್ಯಾಪ್ಟಿಸ್ಟರ ಹುಟ್ಟನ್ನು ತಿಳಿಯಬೇಕು. ಇದು 17ನೇ ಶತಮಾನದ ಆರಂಭದಲ್ಲಿ ಇಂಗ್ಲಿಷರ ನಡುವೆ ಹುಟ್ಟಿದ ಪಂಥ. ತಿಳಿವಳಿಕೆ ಬಂದ ಮೇಲೆ, ಸ್ವಂತ ಒಪ್ಪಿಗೆಯಿಂದ ಪಡೆದ ದೀಕ್ಷಾಸ್ನಾನವೇ ಇವರಿಗೆ ದೀಕ್ಷೆ. ಹಸುಗೂಸಿಗೆ ನೀರು ಚಿಮುಕಿಸಿದರೆ ಸಾಲದು. ನಂಬಿಕೆ ಒಬ್ಬೊಬ್ಬರ ಸ್ವಂತ ನಿರ್ಧಾರ ಎಂದಾದ ಮೇಲೆ ಅದರಲ್ಲಿ ದೊರೆಗೇನು ಕೆಲಸ? ಥಾಮಸ್ ಹೆಲ್ವಿಸ್ 1612ರಲ್ಲಿ ಇದನ್ನೇ ಪುಸ್ತಕವಾಗಿ ಬರೆದು, ಪ್ರಜೆಗಳ ಆತ್ಮದ ಮೇಲೆ ಅರಸನಿಗೆ ಅಧಿಕಾರವಿಲ್ಲವೆಂದು ಸಾರಿದ; ಸೆರೆಮನೆ ಸೇರಿದ.

ಹಾಗೆಂದು ಇವರು ಕಾನೂನು ಮುರಿಯುವ ಜನರಲ್ಲ. ಅಧಿಕಾರಿಗಳಿಗೆ ಅಧೀನರಾಗಿರಬೇಕೆಂದು ಸಂತ ಪೌಲನು ರೋಮಿನ ಸಭೆಗೆ ಬರೆದದ್ದು ಅವರಿಗೂ ವೇದವಾಕ್ಯವೇ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಸಂತ ಪೇತ್ರನು ಹೇಳಿದ್ದೂ ಅದೇ ಬೈಬಲ್ಲಿನಲ್ಲಿದೆ. ತೊಡಕಿರುವುದೇ ಇಲ್ಲಿ.

ಸೋವಿಯತ್ ಒಕ್ಕೂಟದಲ್ಲಿ 1929ರ ಕಾನೂನು ಈ ತೊಡಕನ್ನು ಮನೆ ಬಾಗಿಲಿಗೇ ತಂದಿತು. ಕನಿಷ್ಠ 20 ಮಂದಿ ವಯಸ್ಕರು ಹೆಸರು ಕೊಟ್ಟು ನೋಂದಾಯಿಸಿದರಷ್ಟೇ ಸಭೆಗೆ ಮಾನ್ಯತೆ. ನಮ್ಮಲ್ಲಿ ಸಂಘ ನೋಂದಾಯಿಸುವುದೆಂದರೆ ನಾಲ್ಕು ಸಲ ಕಚೇರಿಗೆ ಅಲೆಯುವ ಕೆಲಸ, ಅಷ್ಟೆ. ಅಲ್ಲಿ ನೋಂದಣಿಯೊಡನೆ ಷರತ್ತುಗಳ ಸರಮಾಲೆಯೂ ಬರುತ್ತಿತ್ತು. ಬಡವರಿಗೆ ಸಹಾಯ ಮಾಡುವಂತಿಲ್ಲ, ಮಕ್ಕಳನ್ನಾಗಲಿ ಯುವಕರನ್ನಾಗಲಿ ಪ್ರತ್ಯೇಕವಾಗಿ ಸೇರಿಸುವಂತಿಲ್ಲ, ಬೋಧಕ ತನ್ನ ವ್ಯಾಪ್ತಿ ದಾಟಿ ಬೋಧಿಸುವಂತಿಲ್ಲ.

ಯುದ್ಧಕಾಲದಲ್ಲಿ ಸ್ಟಾಲಿನ್ ಹಿಡಿತ ತುಸು ಸಡಿಲಿಸಿದಾಗ, 1944ರಲ್ಲಿ, ಕೇಂದ್ರ ಮಂಡಳಿ ರೂಪುಗೊಂಡಿತು. ಅದರ ಹಿರಿಯರನ್ನು ಹೇಡಿಗಳೆಂದು ತಳ್ಳಿಹಾಕುವುದು ಸುಲಭ. 1930ರ ದಶಕದಲ್ಲಿ ಬೋಧಕರು ಶಿಬಿರಗಳಿಗೆ ಹೋಗಿ ಮರಳದಿದ್ದುದನ್ನು ಕಂಡ ತಲೆಮಾರು ಅದು. ಬಾಗಿಲು ಅರ್ಧವಾದರೂ ತೆರೆದಿರಲಿ ಎಂದು ಅವರು ಬಯಸಿದ್ದರೆ ತಪ್ಪೆನ್ನುವುದು ಹೇಗೆ? ಆದರೆ ಕ್ರುಶ್ಚೇವ್ ಕಾಲದ ಧರ್ಮವಿರೋಧಿ ಅಭಿಯಾನದ ಒತ್ತಡಕ್ಕೆ ಮಣಿದು ಮಕ್ಕಳನ್ನೇ ಹೊರಗಿಡಿ ಎಂದಾಗ, ಬಾಗಿಲು ತೆರೆದಿದ್ದು ಯಾರಿಗೆ ಎಂಬ ಪ್ರಶ್ನೆಯೂ ಏಳಲೇಬೇಕಿತ್ತು.

1961ರಲ್ಲಿ ಅಲೆಕ್ಸಿ ಪ್ರೊಕೊಫಿಯೆವ್ ಮತ್ತು ಗೆನ್ನಾದಿ ಕ್ರ್ಯೂಚ್ಕೊವ್ ಆ ಪ್ರಶ್ನೆ ಎತ್ತಿದರು. 1963ರಲ್ಲಿ ಕೇಂದ್ರ ಮಂಡಳಿ ಸಮ್ಮೇಳನ ಕರೆದು ಪತ್ರವನ್ನು ಕೈಬಿಟ್ಟಿತು. ಬಂಡಾಯಗಾರರ ಒತ್ತಡವಿಲ್ಲದಿದ್ದರೆ ಅಷ್ಟೂ ಆಗುತ್ತಿರಲಿಲ್ಲವೇನೊ. ಆದರೆ ಒಡಕು ಕೂಡಲಿಲ್ಲ. 1965ರಲ್ಲಿ ಬಂಡಾಯಗಾರರು ತಮ್ಮದೇ 'ಸಭೆಗಳ ಪರಿಷತ್ತು' ಕಟ್ಟಿಕೊಂಡರು. 1966ರ ಮೇ ತಿಂಗಳಲ್ಲಿ ನೂರಾರು ಮಂದಿ ಮಾಸ್ಕೋದ ಪಕ್ಷದ ಕೇಂದ್ರ ಕಚೇರಿಯ ಮುಂದೆ ಬಂದು ನಿಂತರು. ಅಂದಿನ ಮಾಸ್ಕೋದಲ್ಲಿ ಇದು ಊಹೆಗೂ ನಿಲುಕದ ಧೈರ್ಯ. ಆನಂತರ ಬಂಧನಗಳ ಸರಣಿ. ಕ್ರ್ಯೂಚ್ಕೊವ್ 1970ರಿಂದ ಸುಮಾರು 20 ವರ್ಷ ಭೂಗತರಾಗಿಯೇ ಪರಿಷತ್ತನ್ನು ನಡೆಸಿದರು. ಗುಪ್ತ ಮುದ್ರಣಾಲಯಗಳಲ್ಲಿ ಬೈಬಲ್ ಅಚ್ಚಾಯಿತು. 1974ರಲ್ಲಿ ಲಾಟ್ವಿಯಾದ ತೋಟದ ಮನೆಯೊಂದರಲ್ಲಿ ಅಂಥದೊಂದು ಪೊಲೀಸರ ಕೈಗೆ ಸಿಕ್ಕಿತು.

ಪರಿಷತ್ತಿನ ಕಾರ್ಯದರ್ಶಿ ಗಿಯೋರ್ಗಿ ವಿನ್ಸ್‌ರ ಮನೆತನದ ಕಥೆ ಇನ್ನೂ ಕಠೋರ. ತಂದೆ ಸೋವಿಯತ್ ಸೆರೆಯಲ್ಲೇ ಪ್ರಾಣ ಕಳೆದುಕೊಂಡವರು. ಕೈದಿಗಳ ಬಂಧುಗಳನ್ನು ಸಂಘಟಿಸಿದ ತಾಯಿ ಲಿಡಿಯಾ 1970ರಲ್ಲಿ ಜೈಲು ಕಂಡರು. ಎರಡು ಬಾರಿ ಶಿಕ್ಷೆಗೊಳಗಾದ ವಿನ್ಸ್‌ರನ್ನು 1979ರ ಏಪ್ರಿಲ್‌ನಲ್ಲಿ ಇತರ ನಾಲ್ವರೊಡನೆ ಅಮೆರಿಕಕ್ಕೆ ಕಳಿಸಲಾಯಿತು. ಬದಲಿಗೆ ಅಮೆರಿಕ ಇಬ್ಬರು ಸೋವಿಯತ್ ಗೂಢಚಾರರನ್ನು ಬಿಟ್ಟುಕೊಟ್ಟಿತು. ಆಗ ಅಮೆರಿಕದ ಅಧ್ಯಕ್ಷರಾಗಿದ್ದವರು ಜಿಮ್ಮಿ ಕಾರ್ಟರ್, ಅವರೂ ಬ್ಯಾಪ್ಟಿಸ್ಟರೇ.

1990ರಲ್ಲಿ ಹಳೆಯ ಕಾನೂನು ಹೋಯಿತು. ವಿನ್ಸ್ 1998ರಲ್ಲಿ, ಕ್ರ್ಯೂಚ್ಕೊವ್ 2007ರಲ್ಲಿ ನಿಧನರಾದರು. ಪರಿಷತ್ತಿನ ಸಭೆಗಳು ಮಾತ್ರ ನೋಂದಣಿಗೆ ಇಂದಿಗೂ ಒಪ್ಪಿಲ್ಲ. ಧರ್ಮಪ್ರಚಾರವನ್ನು ನಿರ್ಬಂಧಿಸುವ 2016ರ ರಷ್ಯನ್ ಕಾನೂನಿನಡಿ ಅವುಗಳ ಬೋಧಕರಿಗೆ ಮತ್ತೆ ದಂಡ ಬೀಳುತ್ತಿದೆ.