ಮಂಚದ ಕೆಳಗಿನ ಗೋದಾಮು

ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದವರು. ದಾಸ್ತಾನು, ರವಾನೆ, ವಸೂಲಿ ಎಲ್ಲವೂ ಅವರದೇ.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿ ಆರಂಭಿಸಿದ ಮನೋಹರ ಗ್ರಂಥಮಾಲೆ ಬೇರೆ ದಾರಿ ಹಿಡಿಯಿತು. ಚಂದಾದಾರರು ಮೊದಲೇ ಹಣ ಕಟ್ಟುತ್ತಿದ್ದರು, ಪುಸ್ತಕಗಳು ಅವರ ಮನೆಗೆ ಹೋಗುತ್ತಿದ್ದವು. ಎಷ್ಟು ಪ್ರತಿಗೆ ಓದುಗರಿದ್ದಾರೆ ಎಂಬುದು ಅಚ್ಚಿಗೆ ಮೊದಲೇ ಗೊತ್ತಿರುವುದು ಪ್ರಕಾಶಕನ ಪಾಲಿಗೆ ಸಣ್ಣ ಭಾಗ್ಯವಲ್ಲ.

ಇಂದಿನ ಒಂಟಿ ಪ್ರಕಾಶಕರಿಗೆ ಆ ಭಾಗ್ಯವಿಲ್ಲ. ಸಾವಿರ ಪ್ರತಿ ಅಚ್ಚಾದರೆ ಪ್ರತಿಯ ಬೆಲೆ ಇಳಿಯುತ್ತದೆ, ಆದರೆ ಕಟ್ಟುಗಳು ಮಂಚದ ಕೆಳಗೆ, ಅಟ್ಟದ ಮೇಲೆ ಸೇರುತ್ತವೆ. ಗೆದ್ದಲು, ತೇವ ಕಾಯುತ್ತಿರುತ್ತವೆ. ಅಂಗಡಿಗೆ ಕೊಟ್ಟ ಐವತ್ತು ಪ್ರತಿಯನ್ನು ಮಾರಾಟವೆಂದು ಬರೆದುಕೊಳ್ಳುವುದೇ ದೊಡ್ಡ ತಪ್ಪು; ಹಣ ಬರುವವರೆಗೆ ಅದು ಬೇರೆಯವರ ಕಪಾಟಿನಲ್ಲಿರುವ ತಮ್ಮದೇ ದಾಸ್ತಾನು. ಅಚ್ಚಾದದ್ದು, ಅಂಗಡಿಗೆ ಹೋದದ್ದು, ಗೌರವಪ್ರತಿ, ಹಾಳಾದದ್ದು, ಉಳಿದದ್ದು ಎಂದು ಐದು ಅಂಕಣದ ಒಂದು ನೋಟ್‌ಬುಕ್ ಇದ್ದರೆ ಅರ್ಧ ತಲೆನೋವು ಕಡಿಮೆ. ಈಗ ಡಿಜಿಟಲ್ ಮುದ್ರಣದಲ್ಲಿ ನೂರು ಪ್ರತಿ ಮಾಡಿಸಿ, ಮುಗಿದಂತೆ ಮತ್ತೆ ಮಾಡಿಸಬಹುದು. ಪ್ರತಿಯ ಖರ್ಚು ಹೆಚ್ಚಾದರೂ ಹೊಸ ಪ್ರಕಾಶಕರಿಗೆ ಇದೇ ಕ್ಷೇಮ.

ಇನ್ನು ರವಾನೆ. ಹಗರಿಬೊಮ್ಮನಹಳ್ಳಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಪುಸ್ತಕ ಕೇಳಿದರೆ ಕೊರಿಯರ್ ಖರ್ಚೇ ಲಾಭವನ್ನು ನುಂಗಬಹುದು. ಪುಸ್ತಕ ರವಾನೆಗೆಂದು ಅಂಚೆ ಇಲಾಖೆ 2025ರ ಮೇ 1ರಂದು ಆರಂಭಿಸಿದ ಜ್ಞಾನ ಪೋಸ್ಟ್‌ ಸೇವೆಯಲ್ಲಿ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ (ತೆರಿಗೆ ಬೇರೆ) ಎಂದು ದರ ನಿಗದಿಯಾಯಿತು. ಯಾವ ಪುಸ್ತಕಕ್ಕೆ ಈ ದರ ಸಲ್ಲುತ್ತದೆ ಎಂದು ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ರವಾನೆ ಖರ್ಚು ಉಳಿಯಬೇಕಾದರೆ ಕೊಟ್ಟೂರು, ಹಡಗಲಿ, ಕೂಡ್ಲಿಗಿಯಂಥ ಊರುಗಳ ಓದುಗರು ನಾಲ್ಕು ಮಂದಿ ಸೇರಿ ಒಂದೇ ಪೊಟ್ಟಣದಲ್ಲಿ ತರಿಸಿಕೊಳ್ಳಲಿ, ಪಿನ್‌ಕೋಡ್ ಮತ್ತು ಫೋನ್ ನಂಬರ್ ಸರಿಯಾಗಿ ಬರೆಯಲಿ.