ಅಸ್ಥಿಮಜ್ಜೆ ಕಸಿಯಾದವರ ರಕ್ತ ಯಾರ ಡಿಎನ್‌ಎ ತೋರಿಸುತ್ತದೆ?

ಬೇಲಾಪುರದಿಂದ ಪನ್ವೇಲ್ ಕಡೆಗೆ ಮುಂದಿನ ಸ್ಟೇಷನ್ ಖಾರ್ಘರ್. ಅಲ್ಲಿನ ಟಾಟಾ ಮೆಮೋರಿಯಲ್ ಸೆಂಟರ್‌ನ ಆಕ್ಟ್ರೆಕ್‌ನಲ್ಲಿ ಅಸ್ಥಿಮಜ್ಜೆ ಕಸಿ ನಡೆಯುತ್ತದೆ. ಬೇರೆಯವರ ಮಜ್ಜೆ ಪಡೆದು ಮನೆಗೆ ಹೊರಟವರಿಗೆ ಔಷಧಿ ಪಟ್ಟಿಯ ಜೊತೆ ಇದನ್ನೂ ಹೇಳಬೇಕು: ಇನ್ನು ಮುಂದೆ ನಿಮ್ಮ ರಕ್ತದಲ್ಲಿ ಸಿಗುವುದು ದಾನಿಯ ಡಿಎನ್‌ಎ.

ಅಪರಾಧ ತನಿಖೆಯಲ್ಲಿ ಸ್ಥಳದಲ್ಲಿ ಸಿಕ್ಕ ರಕ್ತ, ವೀರ್ಯ ಅಥವಾ ಕೂದಲಿನ ಬುಡದ ಡಿಎನ್‌ಎಯ ಸುಮಾರು 20 ಜಾಗಗಳನ್ನು ಶಂಕಿತನ ಮಾದರಿಯೊಂದಿಗೆ ಹೋಲಿಸುತ್ತಾರೆ. ಆ ಮಾದರಿ ಹೆಚ್ಚಾಗಿ ರಕ್ತವೇ. ರಕ್ತಕಣ ತಯಾರಾಗುವುದು ಮಜ್ಜೆಯಲ್ಲಿ. ಮಜ್ಜೆ ಬದಲಾದರೆ ಉತ್ತರವೂ ಬದಲು. ಅಮೆರಿಕದ ಅಲಾಸ್ಕಾದ ಒಂದು ಲೈಂಗಿಕ ದೌರ್ಜನ್ಯ ಪ್ರಕರಣದಲ್ಲಿ ಹೀಗೇ ಆಯಿತು. ವೀರ್ಯದ ಡಿಎನ್‌ಎ ಹೊಂದಿಕೆಯಾದದ್ದು ಘಟನೆಯ ವೇಳೆ ಜೈಲಿನಲ್ಲಿದ್ದವನ ರಕ್ತಕ್ಕೆ! ಅವನಿಗೆ ಹಿಂದೆ ಮಜ್ಜೆ ಕೊಟ್ಟಿದ್ದವನು ಸಹೋದರ. ಶಂಕೆ ಹೋಗಬೇಕಾದದ್ದು ಆ ಸಹೋದರನ ಮೇಲೆ.

ಕೆನ್ನೆಯ ಒಳಗಿನ ಸ್ವಾಬ್ ಕೂಡ ಸಾಲದು. ಉಗುಳಿನಲ್ಲಿ ಬಿಳಿ ರಕ್ತಕಣಗಳಿರುವುದರಿಂದ ಇಬ್ಬರ ಡಿಎನ್‌ಎ ಬೆರೆತು ಬರಬಹುದು. ಬುಡಸಹಿತ ಕಿತ್ತ ಕೂದಲಿನಲ್ಲಿ ಸಾಮಾನ್ಯವಾಗಿ ನಿಮ್ಮದೇ ಇರುತ್ತದೆ. ಆದ್ದರಿಂದ ಆರೋಪಿಯಾಗಲಿ, ಸಂತ್ರಸ್ತರಾಗಲಿ, ಬರೀ ಸಂಬಂಧಿಯಾಗಲಿ, ಪೊಲೀಸರು ಮಾದರಿ ಕೇಳಿದಾಗ ಕಸಿಯಾದ ವಿಷಯ ಮೊದಲೇ ತಿಳಿಸಿ. ಡಿಸ್ಚಾರ್ಜ್ ಸಮರಿಯ ಪ್ರತಿ ಕೊಟ್ಟು ಬರಹದಲ್ಲಿ ದಾಖಲಿಸಲು ಹೇಳಿ.

ನಿಮ್ಮದೇ ಕಾಂಡಕೋಶ ಮರಳಿ ಪಡೆದಿದ್ದರೆ ಈ ಗೊಂದಲವಿಲ್ಲ. ಒಂದೆರಡು ಬಾಟಲಿ ರಕ್ತ ಹಾಕಿಸಿಕೊಂಡವರೂ ಹೆದರಬೇಕಿಲ್ಲ: ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ಸೇ ಇಲ್ಲ, ದಾನಿಯ ಬಿಳಿಕಣ ಸಾಮಾನ್ಯವಾಗಿ ಹೆಚ್ಚು ದಿನ ಉಳಿಯುವುದಿಲ್ಲ.