ಕೂಲಿ ಬಿಟ್ಟು ಬಂದವರ ಸಭೆ

ಯಾದಗಿರಿ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಮುಖ್ಯ ಶಿಕ್ಷಕರ ಕೋಣೆಯ ಹೊರಗೋಡೆಯ ಮೇಲೆ ಸಾಮಾನ್ಯವಾಗಿ ಒಂದು ಪಟ್ಟಿ ಬರೆದಿರುತ್ತದೆ. ಮೇಲೆ ‘ಎಸ್‌ಡಿಎಂಸಿ’ ಎಂಬ ತಲೆಬರಹ, ಕೆಳಗೆ ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರ ಹೆಸರುಗಳು. ಆ ಹೆಸರುಗಳನ್ನು ಊರಿನವರ ಜೊತೆ ನಿಂತು ಓದಿದರೆ ಒಂದು ಸಂಗತಿ ಗೊತ್ತಾಗುತ್ತದೆ. ಸೊಸೈಟಿಯ ಫಲಕದಲ್ಲಾಗಲಿ, ಗುಡಿಯ ಜೀರ್ಣೋದ್ಧಾರದ ಕಲ್ಲಿನಲ್ಲಾಗಲಿ ಈ ಹೆಸರುಗಳು ಸಿಗುವುದಿಲ್ಲ. ಇವರು ಹತ್ತಿ ಬಿಡಿಸುವವರು, ಗೌಂಡಿ ಕೆಲಸದವರು, ಕುರಿ ಮೇಯಿಸುವವರು, ವರ್ಷದಲ್ಲಿ ಅರ್ಧ ಕಾಲ ಬೆಂಗಳೂರು ಇಲ್ಲವೇ ಪುಣೆಗೆ ದುಡಿಯಲು ಹೋಗುವವರು.

ಇದು ಯಾರೋ ಉದಾರ ಮನಸ್ಸಿನಿಂದ ಕೊಟ್ಟ ಸ್ಥಾನವಲ್ಲ. ನಿಯಮವೇ ಹಾಗಿದೆ. ಆ ಶಾಲೆಯಲ್ಲಿ ಓದುತ್ತಿರುವ ಮಗುವಿನ ತಂದೆ, ತಾಯಿ ಅಥವಾ ಪೋಷಕರಾಗಿದ್ದರೆ ಮಾತ್ರ ಈ ಶಾಲಾ ಸಮಿತಿಗೆ ಚುನಾಯಿತರಾಗಬಹುದು. ಮಗು ಶಾಲೆ ಬಿಟ್ಟ ದಿನ ಸದಸ್ಯತ್ವವೂ ಹೋಗುತ್ತದೆ. ಅನುಕೂಲವಿದ್ದವರ ಮಕ್ಕಳು ಬೆಳಿಗ್ಗೆ ಹಳದಿ ವ್ಯಾನು ಹತ್ತಿ ತಾಲ್ಲೂಕು ಕೇಂದ್ರದ ಕಾನ್ವೆಂಟಿಗೆ ಹೋಗುತ್ತಾರೆ. ಊರಿನ ಶಾಲೆಯಲ್ಲಿ ಉಳಿದಿರುವುದು ಬಡವರ ಮಕ್ಕಳು, ಆದ್ದರಿಂದ ಶಾಲೆಯ ಸಮಿತಿಯೂ ಬಡವರದು. ಹಳ್ಳಿಯಲ್ಲಿ ಜಮೀನು, ಜಾತಿ, ದುಡ್ಡು ಯಾವುದೂ ಅರ್ಹತೆಯಾಗದ, ಮಗುವೊಂದೇ ಅರ್ಹತೆಯಾಗುವ ಕುರ್ಚಿ ಇದೊಂದೇ ಇರಬೇಕು. ಈ ಸಮಿತಿಯ ಮಹತ್ವ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಅದರ ಕಷ್ಟಗಳ ಮೂಲವೂ ಇಲ್ಲೇ ಇದೆ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದು ಎಸ್‌ಡಿಎಂಸಿಯ ಪೂರ್ತಿ ಹೆಸರು. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ ಇದು ಹುಟ್ಟಿತು. ಅದಕ್ಕೂ ಮೊದಲಿದ್ದ ಗ್ರಾಮ ಶಿಕ್ಷಣ ಸಮಿತಿಗಳಲ್ಲಿ ಊರಿನ ಹಿರಿಯರಿಗೆ ಜಾಗವಿತ್ತು, ಮಕ್ಕಳ ತಂದೆ ತಾಯಿಗೆ ಅಷ್ಟಾಗಿ ಇರಲಿಲ್ಲ. 2006ರ ಮಾದರಿ ಬೈಲಾ ಇದನ್ನು ಪಂಚಾಯತ್ ರಾಜ್ ಕಾಯ್ದೆಯ ಅಡಿ ತಂದು ಗ್ರಾಮ ಪಂಚಾಯಿತಿಗೆ ಜೋಡಿಸಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ದೇಶಕ್ಕೆಲ್ಲ ಇಂಥ ಸಮಿತಿ ಕಡ್ಡಾಯ ಮಾಡಿದಾಗ ಕರ್ನಾಟಕಕ್ಕೆ ಅದು ಹೊಸದಾಗಿರಲಿಲ್ಲ. ಕಾಯ್ದೆಯ 21ನೇ ಸೆಕ್ಷನ್ ಹೇಳುವಂತೆ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮಲ್ಲಿ ಪೋಷಕರ ಸಭೆ 18 ಜನರನ್ನು ಆರಿಸುತ್ತದೆ, ಅವರು ತಮ್ಮೊಳಗೆ ಅಧ್ಯಕ್ಷರನ್ನು ಆರಿಸಿಕೊಳ್ಳುತ್ತಾರೆ. ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಅವಧಿ ಮೂರು ವರ್ಷ. ಸಮಿತಿಯ ಬ್ಯಾಂಕ್ ಖಾತೆ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಹೆಸರಿನಲ್ಲಿರುತ್ತದೆ. ಚೆಕ್ಕಿಗೆ ಇಬ್ಬರ ಸಹಿಯೂ ಬೇಕು.

ಚೆಕ್ಕಿನ ಮೇಲಿನ ಆ ಎರಡನೇ ಸಹಿಯ ಬೆಲೆ ಯಾದಗಿರಿಯಲ್ಲಿ ನಿಂತು ನೋಡಿದಾಗ ಚೆನ್ನಾಗಿ ತಿಳಿಯುತ್ತದೆ. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟ ಈ ಜಿಲ್ಲೆ ಚಿಕ್ಕದು, ಹೆಚ್ಚಿನ ಪಾಲು ಹಳ್ಳಿಗಳದ್ದೇ. 2011ರ ಜನಗಣತಿಯಲ್ಲಿ ಸಾಕ್ಷರತೆ ನೂರಕ್ಕೆ 51.83, ರಾಜ್ಯದಲ್ಲೇ ಕನಿಷ್ಠ. ಹೆಂಗಸರಲ್ಲಿ ನೂರಕ್ಕೆ ಸುಮಾರು 41 ಮಾತ್ರ. ಅಂದರೆ ಸಮಿತಿಯಲ್ಲಿ ಕೂರುವ ಎಷ್ಟೋ ತಾಯಂದಿರಿಗೆ ತಾವು ಒಪ್ಪಿಗೆ ಕೊಡುವ ಕಾಗದವನ್ನು ಓದಲು ಬರುವುದಿಲ್ಲ. ಆದರೂ ಶಾಲೆಯ ಮೇಲೆ ಕಣ್ಣಿಡುವ ಹೊಣೆ ಅವರದು. ಓದದವರಿಗೆ ಶಾಲೆಯ ಉಸ್ತುವಾರಿ ಹೇಗೆ ಸಾಧ್ಯ ಎಂದು ಕೇಳುವ ಅಧಿಕಾರಿಗಳನ್ನು ನಾನು ಕಂಡಿದ್ದೇನೆ. ಶಾಲೆ ಸಿಗದೆ ಏನು ಕಳೆದುಕೊಂಡೆವು ಎಂಬುದು ಈ ತಾಯಂದಿರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲಾರದು ಎಂಬುದು ನನ್ನ ಉತ್ತರ.

ಶಹಾಪುರ ತಾಲ್ಲೂಕಿನ ಕಾಲುವೆ ಕೆಳಗಿನ ಒಂದು ಊರಿನಲ್ಲಿ ನಾನು ನೋಡಿದ ಸಭೆಯನ್ನು ಇಲ್ಲಿ ಹೇಳಬೇಕು. ಐದನೇ ತರಗತಿಯ ಕೋಣೆ. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಗಂಡಸರು, ಗೋಡೆಗೆ ಒರಗಿ ನೆಲದ ಮೇಲೆ ಹೆಂಗಸರು. ಒಬ್ಬಾಕೆಯ ಮಡಿಲಲ್ಲಿ ಹಾಲುಗೂಸು. ಮೇಜಿನ ಮೇಲೆ ಕೆಂಪು ರಟ್ಟಿನ ನಡಾವಳಿ ಪುಸ್ತಕ, ಅದರ ಪಕ್ಕದಲ್ಲಿ ಹೆಬ್ಬೆಟ್ಟಿಗೆ ಮಸಿ ಹಚ್ಚುವ ಸ್ಟ್ಯಾಂಪ್ ಪ್ಯಾಡು. ಮುಖ್ಯ ಶಿಕ್ಷಕರು ವಿಷಯಗಳನ್ನು ಓದತೊಡಗಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ನೆಲದ ಮೇಲಿದ್ದ ಒಬ್ಬ ತಾಯಿ ಕೈ ಎತ್ತಿದರು.

“ಹಿಂದಿನ ಸಲ ಬೋರಿನ ಮೋಟಾರ ಸುಟ್ಟದ ಅಂತ ಬರಸಿದ್ದೆವಲ್ರಿ ಸರ, ಅದು ಏನಾತು? ಹುಡುಗುರು ಇನ್ನಾ ಮನಿಂದ ಬಾಟಲಿ ತರಲಕತ್ತಾರ.”

“ಪಂಚಾಯ್ತಿಗೆ ಕೊಟ್ಟೀನ್ರಿ ಅಕ್ಕಾರ, ನೋಡ್ತೀವಿ ಅಂದಾರ.”

“ಹಂಗಲ್ರಿ. ಕೊಟ್ಟ ಕಾಗದಕ್ಕ ಅವರು ಸಹಿ ಮಾಡ್ಯಾರೇನು? ಅದನ ತೋರಸ್ರಿ.”

ಕೋಣೆ ಒಂದು ಕ್ಷಣ ಸುಮ್ಮನಾಯಿತು. ಮುಖ್ಯ ಶಿಕ್ಷಕರು ಬೀರು ತೆರೆದು ಫೈಲು ತಂದರು. ಅರ್ಜಿಯ ನಕಲು ಇತ್ತು, ಪಂಚಾಯಿತಿಯ ಸ್ವೀಕೃತಿ ಮುದ್ರೆ ಇರಲಿಲ್ಲ. ಮರುದಿನ ನಾಲ್ವರು ಹೋಗಿ ಮುದ್ರೆ ಹಾಕಿಸಿಕೊಂಡು ಬರಬೇಕು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಮುಂದಿನ ಸಭೆಗೆ ಕರೆಯಬೇಕು ಎಂದು ಠರಾವಾಯಿತು. ಆ ತಾಯಿ ಹೆಬ್ಬೆಟ್ಟಿನವರು. ತಾವು ಹೇಳಿದ್ದನ್ನೇ ಬರೆದಿದ್ದಾರೆಯೇ ಎಂದು ಎರಡು ಸಲ ಓದಿಸಿ ಕೇಳಿ, ಆಮೇಲೆ ಬೆರಳು ಒತ್ತಿದರು.

ನಡಾವಳಿ ಪುಸ್ತಕದ ಶಕ್ತಿ ಇಷ್ಟೇ, ಆದರೆ ಅದು ಕಡಿಮೆಯದಲ್ಲ. ಬಾಯಿ ಮಾತಿನ ದೂರಿಗೆ ಯಾರೂ ಉತ್ತರ ಕೊಡಬೇಕಿಲ್ಲ. ದಿನಾಂಕ, ಠರಾವಿನ ಸಂಖ್ಯೆ, ಸದಸ್ಯರ ಸಹಿ ಇರುವ ನಕಲು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಹೋದರೆ ಅದು ಅಲ್ಲಿ ಟಪಾಲಿಗೆ ಏರುತ್ತದೆ, ಉತ್ತರ ಕೇಳುವ ಹಕ್ಕು ಸಮಿತಿಗೆ ಬರುತ್ತದೆ.

ಸಮಿತಿಯ ಮುಂದೆ ಬರುವ ವಿಷಯಗಳಲ್ಲಿ ದೊಡ್ಡದು ಶಿಕ್ಷಕರ ಕೊರತೆ. ಕಲ್ಯಾಣ ಕರ್ನಾಟಕಕ್ಕೆ ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದು ವರ್ಷಗಳಾದರೂ ಇಲ್ಲಿನ ಶಾಲೆಗಳಲ್ಲಿ ಖಾಲಿ ಹುದ್ದೆಗಳ ಸಮಸ್ಯೆ ತೀರಿಲ್ಲ. ಸಮಿತಿಗೆ ಕಾಯಂ ಶಿಕ್ಷಕರನ್ನು ನೇಮಿಸುವ ಅಧಿಕಾರವಿಲ್ಲ. ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವಾಗ ಮಾತ್ರ ಅದರ ಮಾತು ನಡೆಯುತ್ತದೆ. ಅದೇ ಊರಿನ ಡಿ.ಇಡಿ. ಮುಗಿಸಿದ ಹುಡುಗಿಯೋ, ಪಕ್ಕದೂರಿನ ಬಿ.ಇಡಿ. ಹುಡುಗನೋ ಬಂದು ಜೂನ್‌ನಿಂದ ಮಾರ್ಚ್‌ವರೆಗೆ ಪಾಠ ಮಾಡುತ್ತಾರೆ. ಇವರ ಹಾಜರಿ, ಪಾಠ, ಗೌರವಧನ ತಡವಾದಾಗಿನ ಸಂಕಟ ಎಲ್ಲವೂ ಸಮಿತಿಯ ಕಿವಿಗೆ ಮೊದಲು ಬೀಳುತ್ತವೆ.

ದುಡ್ಡಿನ ವಿಷಯ ಬಂದರೆ ಲೆಕ್ಕ ಸಣ್ಣದು. ಸಮಗ್ರ ಶಿಕ್ಷಣ ಯೋಜನೆಯ ಅಡಿ ಬರುವ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, ಅದರಾಚೆ 250ರವರೆಗೆ 50,000. ಅದರಲ್ಲಿ ಹತ್ತರಲ್ಲಿ ಒಂದು ಪಾಲು ಸ್ವಚ್ಛತೆಗೆ. ಸೀಮೆಸುಣ್ಣ, ರಿಜಿಸ್ಟರು, ಬಲ್ಬು, ಒಡೆದ ನಲ್ಲಿ, ಸಣ್ಣಪುಟ್ಟ ರಿಪೇರಿ ಎಲ್ಲವೂ ಇದರಲ್ಲೇ ಆಗಬೇಕು. 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿ ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು ಘೋಷಿಸಿದಾಗ ಸಮಿತಿಗಳು ನೆಮ್ಮದಿಯ ನಿಟ್ಟುಸಿರು ಬಿಟ್ಟಿದ್ದು ಇದೇ ಕಾರಣಕ್ಕೆ, ಏಕೆಂದರೆ ಕರೆಂಟು ಬಿಲ್ಲೇ ಅನುದಾನದ ದೊಡ್ಡ ಭಾಗ ನುಂಗುತ್ತಿತ್ತು. ಕಾಂಪೌಂಡು, ಶೌಚಾಲಯ, ಆಟದ ಮೈದಾನದಂಥ ದೊಡ್ಡ ಕೆಲಸಗಳಿಗೆ ಪಂಚಾಯಿತಿಯ ಬೆನ್ನು ಹತ್ತಿ ನರೇಗಾದಲ್ಲಿ ಮಾಡಿಸಿಕೊಂಡ ಸಮಿತಿಗಳು ರಾಜ್ಯದಲ್ಲಿ ಸಾಕಷ್ಟಿವೆ.

ದುಡ್ಡಿನ ವಿಷಯದಲ್ಲಿ ಇನ್ನೊಂದು ಘಟನೆ ನೆನಪಿಡಬೇಕಾದದ್ದು. 2022ರ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ ಹೊರಟಿತು. ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆಯನ್ನು ಎಸ್‌ಡಿಎಂಸಿಗಳು ಸಂಗ್ರಹಿಸಬಹುದು ಎಂದು ಅದರಲ್ಲಿತ್ತು. ಕಡ್ಡಾಯವಲ್ಲ ಎಂದಿದ್ದರೂ ರಾಜ್ಯದೆಲ್ಲೆಡೆ ವಿರೋಧ ಎದ್ದು ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು. ಉಚಿತ ಶಿಕ್ಷಣ ಕೊಡುವ ಹೊಣೆ ಸರ್ಕಾರದ್ದು. ಆ ಹೊಣೆ ಈಡೇರುತ್ತಿದೆಯೇ ಎಂದು ನೋಡಬೇಕಾದ ಸಮಿತಿಯನ್ನೇ ಚಂದಾ ಎತ್ತುವ ಸಮಿತಿಯಾಗಿಸುವುದು ತಪ್ಪು.

ಯಾದಗಿರಿಯ ಸಮಿತಿಗಳಿಗೆ ಬಹಳ ಭಾರವಾಗುವ ವಿಷಯ ಹಾಜರಾತಿ. ಅಕ್ಟೋಬರ್ ಬಂತೆಂದರೆ ಹತ್ತಿ ಬಿಡಿಸುವ ಕಾಲ. ನಸುಕಿನಲ್ಲೇ ಊರ ಅಗಸಿಯ ಹತ್ತಿರ ಟಂಟಂ ಗಾಡಿಗಳು ನಿಲ್ಲುತ್ತವೆ. ತೂಕದ ಮೇಲೆ ಕೂಲಿ, ಹಾಗಾಗಿ ಕೈ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಆರನೇ, ಏಳನೇ ತರಗತಿಯ ಹೆಣ್ಣುಮಕ್ಕಳು ತಾಯಿಯ ಜೊತೆ ಗಾಡಿ ಹತ್ತುತ್ತಾರೆ. ಅದರ ಹಿಂದೆಯೇ ತೊಗರಿ ಕಟಾವು, ಮೆಣಸಿನಕಾಯಿ. ಕೆಲವು ಮನೆಗಳು ಇಡಿಯಾಗಿ ಗುಳೆ ಹೋಗುತ್ತವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರು ಗುರುತು ಸಾಲುಸಾಲಾಗಿ ಬೀಳುತ್ತದೆ.

ಮಕ್ಕಳನ್ನು ಶಾಲೆ ಬಿಡಿಸಬೇಡಿ ಎಂದು ಶಿಕ್ಷಕರು ಹೇಳಿದರೆ ಉಪದೇಶವಾಗುತ್ತದೆ. ಪಕ್ಕದ ಸಾಲಿನಲ್ಲಿ ಹತ್ತಿ ಬಿಡಿಸುವ ಹೆಂಗಸು ಹೇಳಿದರೆ ಬೇರೆ ತೂಕ. ಗಾಡಿಯವರು ಶಾಲೆಯ ಮಕ್ಕಳನ್ನು ಹತ್ತಿಸಿಕೊಳ್ಳಬಾರದು ಎಂದು ಸಮಿತಿ ಠರಾವು ಮಾಡಬಹುದು, ಗುಳೆ ಹೋಗುವ ಮನೆಯ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗುವಂತೆ ಮನವೊಲಿಸಬಹುದು, ಊರಲ್ಲಿ ಋತುಮಾನದ ವಸತಿ ಕೇಂದ್ರ ಬೇಕು ಎಂದು ದಸರೆಗೆ ಮೊದಲೇ ಇಲಾಖೆಗೆ ಬರೆಯಬಹುದು. ಮೊದಲೇ ಎಂಬ ಮಾತು ಮುಖ್ಯ, ಏಕೆಂದರೆ ಮನೆಗೆ ಬೀಗ ಬಿದ್ದ ಮೇಲೆ ಮಕ್ಕಳ ಪಟ್ಟಿ ಕಳಿಸಿ ಉಪಯೋಗವಿಲ್ಲ. ಇಂಥ ತಾಯಂದಿರು ಕೂತ ಸಮಿತಿಗೆ ಯಾರ ಮನೆ ಯಾವ ವಾರ ಹೊರಡುತ್ತದೆ ಎಂಬುದು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ.

ಮಧ್ಯಾಹ್ನದ ಬಿಸಿಯೂಟದ ಮೇಲಿನ ನಿಗಾ ಸುಲಭವಾಗಿ ಆಗುತ್ತದೆ. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಶುರುವಾಗಿದ್ದೇ ಈ ಭಾಗದಿಂದ. ಬೇಳೆ ನೀರಾದರೆ ಅದೇ ದಿನ ಮನೆಗೆ ಸುದ್ದಿ ಹೋಗುತ್ತದೆ, ತಾಯಂದಿರು ಮರುದಿನ ಅಡುಗೆ ಕೋಣೆಗೆ ಬರುತ್ತಾರೆ. ಅಲ್ಲಿ ಅವರಿಗೆ ಯಾವ ತರಬೇತಿಯೂ ಬೇಕಿಲ್ಲ.

ಎಲ್ಲ ಕಡೆ ಹೀಗೆಯೇ ನಡೆಯುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಡಾವಳಿ ಪುಸ್ತಕವೇ ಮನೆಮನೆಗೆ ತಿರುಗಿ ಸಹಿ ಪಡೆಯುವ ಶಾಲೆಗಳಿವೆ, ಅಂಥ ಕಡೆ ಸಭೆ ನಡೆಯುವುದು ಹಾಳೆಯ ಮೇಲೆ ಮಾತ್ರ. ಕೆಲವೆಡೆ ಹೆಂಡತಿ ಸದಸ್ಯೆ, ಸಭೆಗೆ ಬಂದು ಮಾತಾಡುವವನು ಗಂಡ. ಅಧ್ಯಕ್ಷರ ಆಯ್ಕೆಗೆ ಪಕ್ಷದ ಬಣ್ಣ ಹತ್ತಿದರೆ ಮೂರು ವರ್ಷವೂ ಜಗಳದಲ್ಲಿ ಕಳೆಯುತ್ತದೆ. ಮುಖ್ಯ ಶಿಕ್ಷಕರ ಪಾಡೂ ಸುಲಭದ್ದಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಪಾಠ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು ಮುಗಿದ ಮೇಲೆ ಸಭೆ ಕರೆಯುವ ಚೈತನ್ಯ ಎಲ್ಲಿ ಉಳಿಯುತ್ತದೆ?

ಇನ್ನೂ ದೊಡ್ಡ ಕೊರತೆ ಮೇಲಿನದು. ಶಾಲೆಯ ಹಣೆಬರಹ ನಿರ್ಧರಿಸುವ ತೀರ್ಮಾನಗಳಿಗೆ ಸಮಿತಿಯ ಒಪ್ಪಿಗೆ ಕೇಳುವ ಪದ್ಧತಿ ಬೆಳೆದಿಲ್ಲ. ಮಕ್ಕಳು ಕಡಿಮೆ ಎಂದು ಶಾಲೆಗಳನ್ನು ವಿಲೀನ ಮಾಡುವ ಮಾತು ಎದ್ದಾಗಲೆಲ್ಲ, ಈಚಿನ ಕರ್ನಾಟಕ ಪಬ್ಲಿಕ್ ಶಾಲೆ (ಕೆಪಿಎಸ್) ಮ್ಯಾಗ್ನೆಟ್ ಯೋಜನೆಯವರೆಗೆ, ಹಳ್ಳಿಯವರಿಗೆ ಸುದ್ದಿ ತಿಳಿಯುವುದು ಪತ್ರಿಕೆಯಿಂದ. ಶಿಕ್ಷಣ ತಜ್ಞ ವಿ.ಪಿ. ನಿರಂಜನಾರಾಧ್ಯ ಮತ್ತು ಎಸ್‌ಡಿಎಂಸಿಗಳ ಸಮನ್ವಯ ವೇದಿಕೆ ಊರಿನ ಶಾಲೆ ಊರಲ್ಲೇ ಉಳಿಯಬೇಕು, ಸಮಿತಿಗಳ ಮಾತಿಗೆ ಬೆಲೆ ಬರಬೇಕು ಎಂದು ವರ್ಷಗಳಿಂದ ಹೋರಾಡುತ್ತಿರುವುದು ಇದಕ್ಕಾಗಿ. ಒಂದು ಕಿಲೋಮೀಟರ್ ಆಚೆಗೆ ಶಾಲೆ ಸರಿದರೆ ಹತ್ತಿ ಹೊಲಕ್ಕೆ ಹೋಗುವ ಹುಡುಗಿಯರ ಸಂಖ್ಯೆ ಎಷ್ಟು ಏರುತ್ತದೆ ಎಂದು ಸಮಿತಿಯ ತಾಯಂದಿರನ್ನು ಕೇಳಿದರೆ ಹೆಸರು ಹಿಡಿದು ಹೇಳುತ್ತಾರೆ.

ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಶಾಲಾಭಿವೃದ್ಧಿ ಯೋಜನೆಯನ್ನು ಸಮಿತಿಯೇ ತಯಾರಿಸಬೇಕು, ಸರ್ಕಾರ ಕೊಡುವ ಅನುದಾನಕ್ಕೆ ಅದೇ ಆಧಾರವಾಗಬೇಕು ಎನ್ನುತ್ತದೆ. ಮೂರು ವರ್ಷದ ಯೋಜನೆ: ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಬೇಕು, ಯಾವ ಕೋಣೆ ಸೋರುತ್ತಿದೆ. ಕಾಗದದ ಮೇಲೆ ಇದು ದೊಡ್ಡ ಅಧಿಕಾರ. ಬಹುತೇಕ ಶಾಲೆಗಳಲ್ಲಿ ಮಾತ್ರ ಇದೊಂದು ನಮೂನೆ ತುಂಬುವ ಕೆಲಸವಾಗಿ ಮುಖ್ಯ ಶಿಕ್ಷಕರ ಹೆಗಲಿಗೇ ಬಿದ್ದಿದೆ. ಇದನ್ನು ನಿಜವಾಗಿ ತಾಯಂದಿರ ಕೈಗೆ ಕೊಡಬೇಕಾದರೆ ಬೇಕಿರುವುದು ಬಹಳ ದೊಡ್ಡದೇನಲ್ಲ. ಸಭೆ ಹೊಲದ ಕೆಲಸ ಮುಗಿದ ಮೇಲೆ ಸಂಜೆ ನಡೆಯಬೇಕು. ಪ್ರತಿ ಠರಾವನ್ನೂ ಸಹಿಗೆ ಮೊದಲು ಗಟ್ಟಿಯಾಗಿ ಓದಿ ಹೇಳಬೇಕು. ಬ್ಯಾಂಕಿನ ಪಾಸ್‌ಬುಕ್ಕಿನ ಲೆಕ್ಕ ಶಾಲೆಯ ಗೋಡೆಯ ಮೇಲೆ ಬರೆಯಬೇಕು. ಮತ್ತೊಂದು ಮಾತು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಸರ್ಕಾರ ಗೌರವಧನ ಕೊಡುತ್ತದೆ, ಎಸ್‌ಡಿಎಂಸಿಯ ಸದಸ್ಯೆಗೆ ಏನೂ ಇಲ್ಲ. ಹಗಲು ಹೊತ್ತು ಸಭೆಗೆ ಕರೆದರೆ ಅವಳ ಅಂದಿನ ಕೂಲಿ ಹೋಯಿತು. ತಾಲ್ಲೂಕು ಕಚೇರಿಗೆ ಠರಾವು ಮುಟ್ಟಿಸಲು ಹೋದರೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡು ಕೇಳುವುದಿಲ್ಲ ನಿಜ, ಆದರೆ ದಿನದ ದುಡಿಮೆ ಆಗಲೂ ಹೋಗುತ್ತದೆ. ಸಭೆಯ ದಿನಕ್ಕೆ, ಸಮಿತಿಯ ಕೆಲಸಕ್ಕೆ ಹೋದ ದಿನಕ್ಕೆ ಒಂದು ದಿನದ ಕೂಲಿಯನ್ನಾದರೂ ಸರ್ಕಾರ ತುಂಬಿಕೊಡಬೇಕು. ಇದನ್ನು ಮುಂದಿನ ಬಜೆಟ್ಟಿನಲ್ಲೇ ಮಾಡಬಹುದು.